ಜಾರದ ಪ್ಲೇಟು

ಗೋಕಾಕದ ಆ ಹಲ್ಲಿನ ಡಾಕ್ಟರು ನನ್ನ ಮಗಳ ವಯಸ್ಸಿನವರು. ಏನನ್ನೇ ಆಗಲಿ ನನ್ನ ಬಾಯೊಳಗೆ ಇಡುವ ಮೊದಲು ಅಂಗೈಯಲ್ಲಿ ಹಿಡಿದು ಬೆಚ್ಚಗೆ ಮಾಡುತ್ತಿದ್ದರು. ಆಮೇಲೆ, "ಚುಚ್ಚಿದ್ರ ಹೇಳ್ರಿ ಕಾಕಾ, ಸಂಕೋಚ ಮಾಡಬ್ಯಾಡ್ರಿ" ಎನ್ನುತ್ತಿದ್ದರು.

ನಿದ್ದೆಯಲ್ಲಿ ನನ್ನ ಉಸಿರು ನಿಂತು ನಿಂತು ಬರುತ್ತಿತ್ತು. ನಿಂತಾಗಲೆಲ್ಲ ಅಲುಗಾಡಿಸಿ ಎಬ್ಬಿಸಲು ಹೆಂಡತಿ ರಾತ್ರಿಯೆಲ್ಲ ಎಚ್ಚರವಿರುತ್ತಿದ್ದಳು. ಕೆಳದವಡೆಯನ್ನು ಮುಂದಕ್ಕೆ ಹಿಡಿದಿಡುವ ಪ್ಲೇಟೊಂದಿದೆ, ಆದರೆ ನನ್ನಂತೆ ಹಲ್ಲಿನ ಸೆಟ್ ಹಾಕಿಕೊಂಡವರಿಗೆ ಅದು ನಿಲ್ಲುವುದಿಲ್ಲ ಎಂದು ಬೇರೆ ಡಾಕ್ಟರು ಕೈಬಿಟ್ಟಿದ್ದರು. ಇವರು ಮಾತ್ರ ನನ್ನ ಒಸಡಿನ ಅಚ್ಚು ತೆಗೆದು ಮಾಡಿಕೊಟ್ಟರು. ಎರಡು ಸಲ ಮಾಡಿದರು, ಎರಡೂ ನಿದ್ದೆಯಲ್ಲಿ ಜಾರಿದವು.

ಮೂರನೆಯ ಸಲ ನಾನೂ ಹೆಂಡತಿಯೂ ನಮ್ಮೂರು ಕಲ್ಲೋಳಿಯಿಂದ ಹೋದಾಗ ಮಧ್ಯಾಹ್ನವಾಗಿತ್ತು. ಅವರು ದವಾಖಾನೆಯ ಬಾಗಿಲು ಹಾಕಿ, "ಇಲ್ಲೇ ಮಲಗ್ರಿ ಕಾಕಾ, ಎಲ್ಲಿ ಜಾರತೈತಿ ನಾನೇ ನೋಡ್ತೀನಿ" ಎಂದರು. ಊಟ ಬಿಟ್ಟು ನನ್ನ ಪಕ್ಕ ಕೂತರು. ಪ್ಲೇಟು ಜಾರಿದಾಗೊಮ್ಮೆ ಎಬ್ಬಿಸಿ, ಅದರ ಅಂಚು ಉಜ್ಜಿ, ಮತ್ತೆ ಮಲಗಿಸಿದರು.

ನನಗೆ ತಾನಾಗಿಯೇ ಎಚ್ಚರವಾದಾಗ ಸಂಜೆಯಾಗಿತ್ತು. ಪ್ಲೇಟು ಇಟ್ಟಲ್ಲೇ ಇತ್ತು. ಎದುರಿನ ಕುರ್ಚಿಯಲ್ಲಿ ಹೆಂಡತಿ ಗಾಢ ನಿದ್ದೆಯಲ್ಲಿದ್ದಳು. ಕರೆಯಲು ಹೋದೆ. ಡಾಕ್ಟರು ನನ್ನ ಕೈ ಹಿಡಿದು ಮೆಲ್ಲಗೆ ಹೇಳಿದರು.

"ಎಬ್ಬಿಸಬ್ಯಾಡ್ರಿ. ಕಡೀ ಬಸ್ಸಿಗೆ ಹೋಗೀರಂತ."