ಪೆನ್ನಿನ ಗೆರೆ ದಾಟಿದ ಚುಕ್ಕೆ

ಸ್ವಲ್ಪ ತಡೆಯಿರಿ. ಸಕ್ಯುಲೆಂಟ್ ಗಿಡದ ಎಲೆಯ ಮೇಲೆ ಚುಕ್ಕೆ ಕಂಡಿತು ಎಂದು ಈಗಲೇ ಔಷಧಿ ತರಲು ಎದ್ದು ಹೋಗಬೇಡಿ. ಮುಂದೆ ಒಂದು ಪೆನ್ನಿನ ವಿಷಯ ಬರುತ್ತದೆ, ಅದು ಬರುವ ತನಕ ಕಾಯಿರಿ. ನಾನು ಕಾಯಲಿಲ್ಲ, ಅದಕ್ಕೇ ಹೇಳುತ್ತಿದ್ದೇನೆ.

ಗಿಡದ ಬಗ್ಗೆ ನನಗೆ ಯಾರೂ ಪಾಠ ಮಾಡಿದವರಿಲ್ಲ. ಹಾವೇರಿಯ ಒಂದು ಝೆರಾಕ್ಸ್ ಅಂಗಡಿಯಲ್ಲಿ ಟೈಪಿಂಗ್ ಮಾಡುತ್ತೇನೆ. ಗಿರಾಕಿ ಇಲ್ಲದ ಹೊತ್ತಿನಲ್ಲಿ ಮೊಬೈಲ್ ನೋಡಿ ಕಲಿತದ್ದೇ ಎಲ್ಲ. ಮನೆ ಬ್ಯಾಡಗಿಯಲ್ಲಿ. ಈ ಗಿಡ ನನ್ನದಲ್ಲ, ಅಕ್ಕನದು.

ಅಕ್ಕ ರಾಣೇಬೆನ್ನೂರಿನಲ್ಲಿ, ಹಲಗೇರಿ ರಸ್ತೆಯ ಕಡೆ ಬಾಡಿಗೆ ಮನೆಯಲ್ಲಿದ್ದಳು. ಎಂಟು ದಿನ ಜ್ವರ ಬಂದು ಹೋಗಿಬಿಟ್ಟಳು. ಕಾರ್ಯವೆಲ್ಲ ಮುಗಿದ ಮೇಲೆ ಭಾವ ಒಂದು ಚಿಕ್ಕ ಕುಂಡ ತಂದು ನನ್ನ ಕೈಗಿಟ್ಟ. ತನ್ನ ಕೈಯಲ್ಲಿ ಇದು ಉಳಿಯುವುದಿಲ್ಲ ಎಂದ. ಎಲೆಗಳು ಹೂವಿನ ಹಾಗೆ ಸುತ್ತಿಕೊಂಡಿರುವ ಗಿಡ. ಎಚೆವೇರಿಯಾ ಅನ್ನುತ್ತಾರೆ. ಅವ್ವ ಮಾತ್ರ ಅಕ್ಕನನ್ನು ಕಾಡಿಸಲು ಅದನ್ನು ಕೋಸಿನಗಡ್ಡಿ ಎನ್ನುತ್ತಿದ್ದಳು. ಸಾರು ಯಾವಾಗ ಮಾಡುತ್ತೀ ಎಂದು ಫೋನಿನಲ್ಲಿ ಕೇಳುತ್ತಿದ್ದಳು.

ಕುಂಡವನ್ನು ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ಬಂದೆ. ಮೋಟೆಬೆನ್ನೂರು ಬಂದದ್ದೂ ಹೋದದ್ದೂ ತಿಳಿಯಲಿಲ್ಲ. ಬ್ಯಾಡಗಿಯಲ್ಲಿ ಮೆಣಸಿನಕಾಯಿ ಸೀಸನ್ ನಡೆದಿತ್ತು, ಇಳಿದವರೆಲ್ಲ ಸೀನುತ್ತಿದ್ದರು. ನನ್ನ ಕಣ್ಣಲ್ಲಿ ನೀರು ನೋಡಿ ಓಣಿಯ ಹೆಂಗಸರು ಅಳುತ್ತಿದ್ದೇನೆ ಎಂದುಕೊಂಡು ತಲೆ ಸವರಿದರು. ಅದು ಘಾಟು. ಅಳು ಆಗಲೂ ಬಂದಿರಲಿಲ್ಲ, ಈಗಲೂ ಬಂದಿಲ್ಲ.

ಮರುದಿನ ಬೆಳಿಗ್ಗೆ ನೋಡಿದರೆ ಎಲೆಗಳ ಮೇಲೆಲ್ಲ ತೆಳ್ಳಗೆ ಬಿಳಿ ಪುಡಿ. ನಮ್ಮ ಕಡೆ ಹುಟ್ಟಿದವರಿಗೆ ಎಲೆ ಮೇಲೆ ಬಿಳಿ ಪುಡಿ ಎಂದರೆ ಒಂದೇ: ಮೆಣಸಿನ ಗಿಡಕ್ಕೆ ಬರುವ ಬೂದಿ ರೋಗ. ಹಸಿ ಬಟ್ಟೆ ತೆಗೆದುಕೊಂಡು ಒಂದೊಂದೇ ಎಲೆಯನ್ನು ತಿಕ್ಕಿ ಒರೆಸಿದೆ. ಎಲೆಗಳು ಹೊಳೆಯತೊಡಗಿದವು, ನನಗೂ ಏನೋ ಮಾಡಿದೆ ಅನ್ನಿಸಿತು. ತೀರ ಕೆಳಗೆ, ಮಣ್ಣಿಗೆ ತಾಗಿ ಮಲಗಿದ್ದ ಒಂದು ಎಲೆ ಮಾತ್ರ ಉಳಿಯಿತು. ಅಷ್ಟರಲ್ಲಿ ಬಸ್ಸಿನ ಹೊತ್ತಾಗಿತ್ತು. ಬಿಸಿಲಿಗೆ ರೋಗ ಸಾಯಲಿ ಎಂದು ಕುಂಡವನ್ನು ಮಾಳಿಗೆಯ ಮೇಲಿಟ್ಟು ಹೋದೆ.

ಮಧ್ಯಾಹ್ನ ಅಂಗಡಿಯಲ್ಲಿ ಕೂತು ಓದಿದಾಗ ಗೊತ್ತಾಯಿತು. ಆ ಪುಡಿ ರೋಗವಲ್ಲ. ಬಿಸಿಲು ತಡೆಯಲು ಗಿಡ ತಾನೇ ಬಳಿದುಕೊಳ್ಳುವ ಮೇಣ. ಒರೆಸಿದರೆ ಆ ಎಲೆಯ ಮೇಲೆ ಅದು ಮತ್ತೆ ಬರುವುದಿಲ್ಲ. ಯಾರಾದರೂ ಬೆರಳಿಟ್ಟರೆ ಆ ಗುರುತು ಎಲೆ ಉದುರುವ ತನಕ ಹಾಗೆಯೇ ಇರುತ್ತದೆ.

ಸಂಜೆ ಬಂದು ಕುಂಡವನ್ನು ಮಾಳಿಗೆಯಿಂದ ಇಳಿಸಿ ಆ ಕೆಳಗಿನ ಎಲೆಯನ್ನು ನೋಡಿದೆ. ಪುಡಿಯಲ್ಲಿ ಒಂದು ಹೆಬ್ಬೆರಳಿನ ಗುರುತು, ನಡುವೆ ಓರೆಯಾಗಿ ಒಂದು ಗೆರೆ. ಅಕ್ಕ ಸಣ್ಣವಳಿದ್ದಾಗ ಬದನೆಕಾಯಿ ಹೆಚ್ಚುತ್ತ ಈಳಿಗೆಗೆ ಹೆಬ್ಬೆರಳು ಕೊಯ್ದುಕೊಂಡಿದ್ದಳು, ಆ ಕಲೆ ಹೋಗಿರಲಿಲ್ಲ. ಭಾವನಿಗೆ ಫೋನು ಮಾಡಿ, ಆ ಗಿಡವನ್ನು ಬೇರೆ ಯಾರಾದರೂ ಮುಟ್ಟುತ್ತಿದ್ದರೇ ಎಂದು ಕೇಳಿದೆ.

"ಮತ್ಯಾರ್ ಮುಟ್ಟತಾರ? ನನಗಂತೂ ಅದರ ಬಾಜೂಕ ಹೋಗಾಕ ಬಿಡತಿದ್ದಿಲ್ಲ," ಎಂದ. ಯಾಕೆಂದು ಅವನು ಕೇಳಲಿಲ್ಲ, ನಾನೂ ಹೇಳಲಿಲ್ಲ. ಅವ್ವನಿಗೂ ಹೇಳಲಿಲ್ಲ.

ನಾಲ್ಕೈದು ದಿನಕ್ಕೆ ಎಲೆಗಳ ಮೇಲೆ ಚುಕ್ಕೆಗಳೆದ್ದವು. ಫೋಟೋ ಹಿಡಿದುಕೊಂಡು ನಮ್ಮೂರಿನ ಗೊಬ್ಬರದ ಅಂಗಡಿಗೆ ಹೋದೆ. ಅಂಗಡಿಯವನು ಒಂದೇ ನೋಟಕ್ಕೆ ಚಿಬ್ಬು ರೋಗ ಎಂದ. ಮೆಣಸಿನಕಾಯಿಗೆ ಬರುವುದೂ ಅದೇ.

"ಎಷ್ಟ ಎಕರೆ?"

"ಎಕರೆ ಇಲ್ಲರಿ. ಒಂದ ಕುಂಡ."

"ಹಂಗಾರ ಪಂಪ್ ಬ್ಯಾಡ ಬಿಡ ತಂಗಿ, ಚಮಚೆದಾಗ ಹೊಡಿ."

ಅಂಗಡಿಯಲ್ಲಿದ್ದವರೆಲ್ಲ ನಕ್ಕರು. ನಾನೂ ನಕ್ಕಿರಬೇಕು. ಪೊಟ್ಟಣ ತಂದೆ, ಆದರೆ ಬಿಚ್ಚಲಿಲ್ಲ. ಹೊಡೆದರೆ ಹೆಬ್ಬೆರಳಿನ ಗುರುತಿನ ಮೇಲೂ ಬೀಳುತ್ತದೆ.

ಈಗ ಪೆನ್ನು. ನಮ್ಮ ಅಂಗಡಿಯಲ್ಲಿ ಸಿ.ಡಿ. ಮೇಲೆ ಬರೆಯುವ ಒಂದು ಹಳೆಯ ಪೆನ್ನು ಉಳಿದಿತ್ತು. ಅದನ್ನು ಮನೆಗೆ ತಂದು ಪ್ರತಿ ಚುಕ್ಕೆಯ ಅಂಚಿಗೆ ಹಗುರವಾಗಿ ಗೆರೆ ಎಳೆದೆ. ಚುಕ್ಕೆ ಗೆರೆಯೊಳಗೇ ನಿಂತರೆ ಅದು ಆಗಿಹೋದ ಗಾಯ. ಗೆರೆ ದಾಟಿದರೆ ರೋಗ. ನಾಲ್ಕು ದಿನ ಕಾದೆ. ಏಳು ಚುಕ್ಕೆಗಳು ನಿಂತಲ್ಲೇ ನಿಂತಿದ್ದವು. ಒಣಗಿದ್ದವು, ಸುಟ್ಟ ಕಾಗದದ ಬಣ್ಣ, ಏಳೂ ಆವತ್ತು ಬಿಸಿಲು ಬಿದ್ದ ಮಗ್ಗುಲಲ್ಲಿ. ನಾನು ಮೇಣ ಒರೆಸಿ ಬಿಸಿಲಿಗಿಟ್ಟು ಸುಟ್ಟದ್ದು. ಅದಕ್ಕೆ ಔಷಧಿ ಇಲ್ಲ, ಬೇಕಾಗಿಯೂ ಇಲ್ಲ. ನೆರಳಿಗೆ ಸರಿಸಿದರೆ ಸಾಕು.

ಎಂಟನೆಯದು ಗೆರೆ ದಾಟಿತ್ತು. ಕಪ್ಪಗೆ, ಒಳಗೆ ತಗ್ಗಾಗಿ, ಸುತ್ತ ಹಳದಿ ಉಂಗುರ, ಮುಟ್ಟಿದರೆ ಮೆತ್ತಗೆ. ಅದು ಇದ್ದದ್ದು ಕೆಳಗಿನ ಎಲೆಯ ಮೇಲೆ, ಹೆಬ್ಬೆರಳಿನ ಗುರುತಿನಿಂದ ಒಂದು ಅಕ್ಕಿಕಾಳಿನಷ್ಟು ದೂರ.

ಮಣ್ಣು ಮುಟ್ಟಿ ನೋಡಿದೆ, ಕೆಸರು. ಅವ್ವ ದಿನಾ ಬೆಳಿಗ್ಗೆ ಸ್ನಾನ ಮಾಡಿ ಬಂದು ಗಿಡದ ನೆತ್ತಿಯ ಮೇಲೆ ಒಂದು ತಂಬಿಗೆ ನೀರು ಸುರಿಯುತ್ತಿದ್ದಳಂತೆ. ಕೆಳಗಿನ ಎಲೆ ಅಷ್ಟೂ ದಿನ ಹಸಿಯಲ್ಲೇ ಮಲಗಿತ್ತು. ಇನ್ನು ಮೇಲೆ ಹಾಕಬೇಡ ಎಂದೆ.

"ಆಕಿ ಗಿಡಕ್ಕ ನೀರ ಹಾಕಬ್ಯಾಡ ಅಂತೀಯೇನು?" ಎಂದಳು.

ಎಲೆಯೊಳಗೇ ನೀರಿರುತ್ತದೆ, ಬೇರು ಕೊಳೆಯುತ್ತದೆ ಎಂದೆಲ್ಲ ಹೇಳಿದೆ. ಅವಳು ಕೇಳಿಸಿಕೊಳ್ಳಲಿಲ್ಲ. ಆಗ ಕುಂಡ ಎತ್ತಿ ಆ ಗುರುತು ತೋರಿಸಿದೆ. ಒಳಗೆ ಹೋಗಿ ಚಾಳೀಸು ಹಾಕಿಕೊಂಡು ಬಂದು ನೋಡಿದಳು. ಬಹಳ ಹೊತ್ತು ನೋಡಿದಳು.

"ಕೊಯ್ಕೊಂಡಿದ್ಲಲ್ಲ," ಎಂದಳು. ಆಮೇಲೆ, ಈ ಕಪ್ಪು ಹಬ್ಬುತ್ತದೆಯೇ ಎಂದು ಕೇಳಿದಳು. ಹಬ್ಬುತ್ತದೆ, ಪಕ್ಕದ ಎಲೆಗೆ, ಆಮೇಲೆ ದಂಟಿಗೆ, ದಂಟಿಗೆ ಬಂದರೆ ಗಿಡ ಇಲ್ಲ ಎಂದೆ.

"ತಗದ ಬಿಡು. ಗಿಡರ ಉಳೀಲಿ."

ಮೊದಲು ಆರು ಫೋಟೋ ತೆಗೆದೆ. ಆರರಲ್ಲೂ ಕಪ್ಪು ಚುಕ್ಕೆ ಸ್ಪಷ್ಟವಾಗಿ ಬಂದಿದೆ. ಗುರುತು ಒಂದರಲ್ಲೂ ಇಲ್ಲ. ಎಲೆಯನ್ನು ಹಿಡಿದು ಎಡಕ್ಕೊಮ್ಮೆ ಬಲಕ್ಕೊಮ್ಮೆ ಅಲ್ಲಾಡಿಸಿದೆ, ಬುಡದಿಂದ ಬಂತು. ದಂಟು ಹಸಿರಾಗಿತ್ತು, ರೋಗ ಅಲ್ಲಿಗೆ ತಲುಪಿರಲಿಲ್ಲ. ರೋಗದ ಎಲೆಯನ್ನು ಮನೆಯಲ್ಲಿಡಬಾರದು. ಪೇಪರಿನಲ್ಲಿ ಸುತ್ತಿ ಮರುದಿನ ಕಸದ ಗಾಡಿಗೆ ಹಾಕಿದೆ. ಅವ್ವ ಬಾಗಿಲಲ್ಲಿ ನಿಂತಿದ್ದಳು.

ಎಲೆ ಕಿತ್ತಾಗ ನನ್ನ ಹೆಬ್ಬೆರಳಿಗೂ ಬಿಳಿ ಪುಡಿ ಹತ್ತಿತ್ತು. ಸಾಬೂನು ಹಚ್ಚಿ ತೊಳೆದುಕೊಂಡೆ. ರೋಗದ ಎಲೆ ಮುಟ್ಟಿದ ಮೇಲೆ ತೊಳೆಯಲೇಬೇಕು.

ಈಗ ಕುಂಡ ಪೂರ್ವದ ಕಿಟಕಿಯಲ್ಲಿದೆ. ಎಳೆ ಬಿಸಿಲು, ಗಾಳಿ, ಅಷ್ಟೇ. ಅವ್ವ ಬೆಳಿಗ್ಗೆ ಕಸಬರಿಗೆಯ ಒಂದು ಕಡ್ಡಿಯನ್ನು ಮಣ್ಣಿಗೆ ಚುಚ್ಚಿ ತೆಗೆದು ನೋಡುತ್ತಾಳೆ. ಮಣ್ಣು ಅಂಟಿದ್ದರೆ ನೀರಿಲ್ಲ. "ಇವತ್ತರ ಹಾಕ್ಲೇನು?" ಎಂದು ಆದರೂ ಕೇಳುತ್ತಾಳೆ. ಕಡ್ಡಿ ಒಣಗಿ ಬಂದ ದಿನ ಎಲೆಗೆ ತಾಗದಂತೆ ಕುಂಡದ ಅಂಚಿನಲ್ಲಿ ಹಾಕುತ್ತಾಳೆ. ನಡುವಿನಿಂದ ಮೂರು ಹೊಸ ಎಲೆ ಬಂದಿವೆ, ಪುಡಿ ಸಮೇತ. ಯಾರೂ ಮುಟ್ಟಿಲ್ಲ.

ಒಂದು ವಿಷಯ ಮಾತ್ರ ನನಗೆ ಗೊತ್ತಿಲ್ಲ. ಚುಕ್ಕೆಯ ಭಾಗವನ್ನಷ್ಟೇ ಕಾಯಿಸಿದ ಬ್ಲೇಡಿನಿಂದ ಕೊಯ್ದು ಉಳಿದ ಎಲೆಯನ್ನು ಇಟ್ಟುಕೊಳ್ಳಬಹುದು ಎಂದು ಎಲ್ಲೋ ಓದಿದೆ. ಓದಿದ್ದು ಎಲೆ ಕಿತ್ತ ಎರಡು ದಿನಕ್ಕೆ. ನಿಮ್ಮಲ್ಲಿ ಯಾರಾದರೂ ಹಾಗೆ ಮಾಡಿದ್ದರೆ, ಎಲೆ ಉಳಿಯಿತೋ ಇಲ್ಲವೋ, ದಯವಿಟ್ಟು ಬರೆದು ತಿಳಿಸಿ. ಉಳಿದಿದ್ದರೂ ತಿಳಿಸಿ.