ಭಾವನ ಕುಸಿದ ಗೆಣ್ಣು

ಭಾವ ಬಲಗೈ ಮುಷ್ಟಿ ಕಟ್ಟಿದರೆ ನಾಲ್ಕು ಗೆಣ್ಣು ಕಾಣಬೇಕಾದಲ್ಲಿ ಮೂರೇ ಕಾಣುತ್ತಿತ್ತು. ಕಿರುಬೆರಳಿನದ್ದು ಒಳಗೆ ಕುಸಿದುಹೋಗಿತ್ತು. ಲಂಡನ್ನಿನ ಹೌನ್ಸ್ಲೋದಲ್ಲಿ ನಮ್ಮ ಊರಿನವರಿಗೆಲ್ಲ ಆ ಗೆಣ್ಣಿನ ಕತೆ ಬಾಯಿಪಾಠ. ಬಸ್ ಸ್ಟಾಪಿನಲ್ಲಿ ತಲೆ ಬೋಳಿಸಿದ ಬಿಳಿಯನೊಬ್ಬ ಅಕ್ಕನ ಮೇಲೆ ಉಗಿದನಂತೆ, ಭಾವ ಅವನ ದವಡೆಗೆ ಒಂದೇ ಒಂದು ಕೊಟ್ಟರಂತೆ, ಅವನ ದವಡೆಯೂ ಹೋಯಿತಂತೆ, ಇವರ ಗೆಣ್ಣೂ ಹೋಯಿತಂತೆ. ಯಾರಾದರೂ ಕೇಳಿದರೆ ಭಾವ ಹೌದು ಅನ್ನುತ್ತಿರಲಿಲ್ಲ, ಅಲ್ಲ ಅಂತಲೂ ಅನ್ನುತ್ತಿರಲಿಲ್ಲ. ಕೈಯನ್ನು ಕಿಸೆಗೆ ಹಾಕಿಕೊಳ್ಳುತ್ತಿದ್ದರು.

ಭಾವ ಅಂದರೆ ನನ್ನ ಅಕ್ಕನ ಗಂಡ. ನಾವು ಉಡುಪಿ ಕಡೆಯ ಕೊಂಕಣಿ ಕ್ರಿಶ್ಚಿಯನರು. ನಾನು ಏಳನೇ ಕ್ಲಾಸಿಗೆ ಶಾಲೆ ಬಿಟ್ಟವ. ತೊಂಬತ್ತರ ಸುರುವಿಗೆ ನನ್ನನ್ನು ಲಂಡನ್ನಿಗೆ ಕರೆಸಿ, ಏರ್‌ಪೋರ್ಟಿನ ಕಾರ್ಗೋ ಶೆಡ್ಡಿನಲ್ಲಿ ಕೆಲಸಕ್ಕೆ ನಿಲ್ಲಿಸಿದ್ದು ಭಾವನೇ. ಅಲ್ಲಿ ಅವರು ಫೋರ್‌ಮನ್. ಹುಡುಗನಾಗಿದ್ದಾಗ ಲಾರಿ ಕ್ಲೀನರ್ ಆಗಿ ಘಟ್ಟ ಹತ್ತಿ ಇಳಿದವರಾದ್ದರಿಂದ ಅವರಿಗೆ ಪ್ರಾರ್ಥನೆಗೆ ಕೊಂಕಣಿ, ಬೈಗುಳಕ್ಕೆ ಕನ್ನಡ. "ಇಂಗ್ಲಿಷ್ ಇರುವುದು ಸಾರಿ ಹೇಳಲಿಕ್ಕೆ. ನನಗೆ ಅದರ ಖರ್ಚು ಕಡಿಮೆ" ಅನ್ನುತ್ತಿದ್ದರು.

ನಮ್ಮದು ವಿಮಾನಕ್ಕೆ ಏರಿಸುವ ಪ್ಯಾಲೆಟ್ ಹಲಗೆಯ ಮೇಲೆ ಪೆಟ್ಟಿಗೆ ಪೇರಿಸಿ, ಮೇಲಿಂದ ಬಲೆ ಹಾಕಿ ಬಿಗಿಯುವ ಕೆಲಸ. ಬಲೆ ಸಡಿಲ ಕಂಡರೆ ಭಾವ ಮೊದಲು ಬಲೆ ಎಳೆಯುವ ಕೊಕ್ಕೆಯ ಹಿಡಿಯಿಂದ ಮಣಿಕಟ್ಟಿಗೆ ಒಂದು ಬಿಡುತ್ತಿದ್ದರು, ಆಮೇಲೆ ಮಾತು. "ಮೇಲೆ ಹೋದ ಮೇಲೆ ಪೆಟ್ಟಿಗೆ ಕುಣಿದರೆ ನೀನು ಹೋಗಿ ಹಿಡಿಯುತ್ತೀಯಾ? ನಿನ್ನ ಅಪ್ಪನಿಗೆ ರೆಕ್ಕೆ ಉಂಟಾ?" ಮೊದಲ ಚಳಿಗಾಲ ಇಡೀ ನನ್ನ ಮಣಿಕಟ್ಟು ನೀಲಿ. ಆದರೆ ಇಷ್ಟು ವರ್ಷದಲ್ಲಿ ನಾನು ಬಿಗಿದ ಒಂದೇ ಒಂದು ಪ್ಯಾಲೆಟ್ ವಾಪಸು ಬಂದದ್ದಿಲ್ಲ. ಜಂಬ ಅಂದರೆ ಅನ್ನಿ.

ಒಮ್ಮೆ ಶೆಡ್ಡಿನಲ್ಲಿ ಒಬ್ಬ ನನ್ನ ಬುತ್ತಿಯನ್ನು, ಮೀನಿನ ವಾಸನೆ ಅಂತ, ಬೂಟುಗಾಲಿನಲ್ಲಿ ಒದ್ದ. ಭಾವ ಅವನ ಕುತ್ತಿಗೆ ಹಿಡಿದು ಮುಖವನ್ನು ಆ ಅನ್ನದಲ್ಲೇ ಒತ್ತಿದರು. ಮೂಗಿನಿಂದ ರಕ್ತ, ಸಾರಿನ ಕೆಂಪು, ಯಾವುದು ಯಾವುದು ಅಂತ ಗೊತ್ತಾಗಲಿಲ್ಲ. ಭಾವನಿಗೆ ಎರಡು ವಾರ ಸಸ್ಪೆಂಡ್. ಮರುದಿನ ಅಕ್ಕ ನನ್ನ ಡಬ್ಬಿಗೆ ಎರಡು ತುಂಡು ಬಂಗುಡೆ ಹೆಚ್ಚು ಹಾಕಿ ಕಳಿಸಿದಳು.

ಇಂಥವರಿಗೆ ಒಬ್ಬ ಮಗ ಇದ್ದ. ನಾನು ನೋಡಿದ್ದು ಫೋಟೋದಲ್ಲಿ ಮಾತ್ರ. ನಾನು ಬರುವ ಹಿಂದಿನ ವರ್ಷ, ಹದಿನಾರು ತುಂಬುತ್ತಲೇ ಮನೆಬಿಟ್ಟಿದ್ದ. ಕೇಳಿದವರಿಗೆ ಅಕ್ಕ "ಮ್ಯಾಂಚೆಸ್ಟರ್‌ನಲ್ಲಿ ಒಳ್ಳೆ ಕೆಲಸದಲ್ಲಿದ್ದಾನೆ" ಅನ್ನುತ್ತಿದ್ದಳು. ಕ್ರಿಸ್ಮಸ್ಸಿಗೂ ಫೋನ್ ಬರುತ್ತಿರಲಿಲ್ಲ.

ನನ್ನ ಕೈಯೂ ಚುರುಕೇ. ನನಗೆ ಒಬ್ಬಳೇ ಮಗಳು, ಹೌನ್ಸ್ಲೋದಲ್ಲೇ ಹುಟ್ಟಿದವಳು. ಉತ್ತರ ಕೊಟ್ಟರೆ ಪೆಟ್ಟು, ಊಟ ಬಿಟ್ಟರೆ ಪೆಟ್ಟು. ನಾನು ಪೆಟ್ಟು ತಿಂದು ಮನುಷ್ಯನಾದವ, ಅವಳೂ ಆಗಲಿ ಅಂತ ನನ್ನ ಲೆಕ್ಕ. ಅವಳಿಗೆ ಹನ್ನೊಂದು ತುಂಬುವಷ್ಟರಲ್ಲಿ, ನಾನು ಮನೆಗೆ ಬಂದರೆ ಅವಳು ಮಹಡಿ ಹತ್ತಿ ಬಾಗಿಲು ಹಾಕಿಕೊಳ್ಳುತ್ತಿದ್ದಳು. ಅದನ್ನು ನಾನು ಮರ್ಯಾದೆ ಅಂದುಕೊಂಡಿದ್ದೆ.

ಎರಡು ಸಾವಿರದ ಒಂದೋ ಎರಡೋ ಇಸವಿಯ ಕ್ರಿಸ್ಮಸ್ ರಜೆಗೆ ಎರಡೂ ಮನೆಯವರು ಒಟ್ಟಿಗೆ ಊರಿಗೆ ಹೋದೆವು. ಹೋದಮೇಲೆ ಗೊತ್ತಲ್ಲ, ಒಂದು ಮನೆ ಬಿಟ್ಟರೂ ಅದು ಹತ್ತು ವರ್ಷದ ಮುನಿಸು. ಪ್ರತಿ ಮನೆಗೂ ಚಾಕಲೇಟು, ಸೋಪು, ಸೆಂಟು. ಪ್ರತಿ ಮನೆಯಲ್ಲೂ ಕೇಕು, ದ್ರಾಕ್ಷಿ ವೈನು, ಮಗಳ ಕೆನ್ನೆ ಚಿವುಟಿ "ಕೊಂಕಣಿ ಬರುವುದಿಲ್ಲವಾ? ಛೆ!" ಅವಳಿಗೆ ನಾನು ಮಾತು ಕೊಟ್ಟಿದ್ದೆ: ಮುಖ ಸಿಂಡರಿಸದೆ ಎಲ್ಲಾ ಮನೆಗೆ ಬಂದರೆ, ವಾಪಸು ಹೊರಡುವ ಮೊದಲು ಬೆಂಗಳೂರಿನ ಹೊರಗೆ ಥೀಮ್ ಪಾರ್ಕಿಗೆ ಒಂದಿಡೀ ದಿನ. ಹದಿನೇಳು ಮನೆ ಆಯಿತು. ಹುಡುಗಿ ಒಮ್ಮೆಯೂ ಮುಖ ಸಿಂಡರಿಸಲಿಲ್ಲ.

ಪಾರ್ಕಿಗೆ ನಮ್ಮ ಜೊತೆ ಭಾವ ಬಂದರು; ಬೆಂಗಳೂರಿನ ನನ್ನ ಚಿಕ್ಕಪ್ಪನ ಮಗನೂ ಸಂಸಾರ ಸಮೇತ ಬಂದ. ಬ್ಯಾಂಕ್ ಆಫೀಸರು. ನೀರಿನ ಜಾರುಬಂಡಿಗೆ ಕ್ಯೂ ನಿಂತೆವು. ಒಂದು ಗಂಟೆಗೆ ಸರಿಯಾಗಿ ಗೇಟಿನವ ಸರಪಳಿ ಎಳೆದ. ನಾನು ರೇಗಿದೆ. "ಲಂಡನ್ನಿನಿಂದ ಬಂದಿದ್ದೇವೆ ಮಾರಾಯ, ಎಂತ ಆಟ ಆಡುತ್ತೀ?" ಅಂತ ಅವನ ಎದೆಗೆ ಬೆರಳು ಕುಟ್ಟಿದೆ. ಆಗ ಮಗಳು ಹಿಂದಿನಿಂದ ನನ್ನ ಅಂಗಿ ಎಳೆದಳು. "ಡ್ಯಾಡ್, ಒನ್ ಟು ಟೂ ಕ್ಲೋಸ್ಡ್ ಅಂತ ಬೋರ್ಡ್ ಇದೆ. ಕಾಂಟ್ ಯೂ ರೀಡ್?"

ಚಿಕ್ಕಪ್ಪನ ಮಗ ನಕ್ಕ. ಅವನ ಹೆಂಡತಿ ನಗು ತಡೆಯಲಿಕ್ಕೆ ಬಾಯಿಗೆ ಸೆರಗು ಇಟ್ಟುಕೊಂಡಳು.

ನಾನು ಮಗಳ ಕೆನ್ನೆಗೆ ಬಾರಿಸಿದೆ. ಅವಳು ಅಳಲಿಲ್ಲ. ಕ್ಯೂ ಬಿಟ್ಟು, ಖಾಕಿ ಹಾಕಿ ಸೀಟಿ ಕಟ್ಟಿಕೊಂಡು ನಿಂತಿದ್ದ ಸೆಕ್ಯುರಿಟಿಯವನ ಹತ್ತಿರ ನೆಟ್ಟಗೆ ನಡೆದು ಹೋದಳು. ಯಾರಾದರೂ ಹೊಡೆದರೆ ಯೂನಿಫಾರ್ಮಿನವರಿಗೆ ಹೇಳಿ ಅಂತ ಅವಳ ಶಾಲೆಯಲ್ಲಿ ಕಲಿಸಿದ್ದರು. ಅಲ್ಲಿಯ ಯೂನಿಫಾರ್ಮಿಗೂ ಇಲ್ಲಿಯದಕ್ಕೂ ಇರುವ ವ್ಯತ್ಯಾಸ ಹನ್ನೊಂದು ವರ್ಷದವಳಿಗೆ ಯಾರು ಹೇಳಬೇಕಿತ್ತು? ಅವನು ಬಗ್ಗಿ ಎಲ್ಲಾ ಕೇಳಿಸಿಕೊಂಡ. ಹಲ್ಲು ಬಿಡುತ್ತಾ, ಅವಳ ತೋಳು ಹಿಡಿದು ವಾಪಸು ನನ್ನ ಹತ್ತಿರವೇ ತಂದ.

"ಸಾರ್, ನಿಮ್ ಮಗ್ಳು ನಿಮ್ ಮೇಲೇ ಕಂಪ್ಲೇಂಟ್ ಕೊಡಾಕ್ ಬಂದವ್ಳೆ! ಒಳಕ್ಕಾಕ್ಲಾ ನಿಮ್ಮನ್ನ?"

ಇಡೀ ಕ್ಯೂ ನಕ್ಕಿತು. ನನ್ನ ಕಿವಿಯಲ್ಲಿ ಗುಂಯ್ ಅಂದಿತು. ಬೆಲ್ಟು ಬಿಚ್ಚಿದೆ. ಮೊದಲ ಏಟು ತೊಡೆಗೆ, ಎರಡನೆಯದು ಬೆನ್ನಿಗೆ. ನೀರಾಟದಲ್ಲಿ ಒದ್ದೆಯಾದ ಬಟ್ಟೆಯ ಮೇಲೆ ಬೆಲ್ಟಿನ ಸದ್ದು ಜೋರು. ಅವಳು ಕೆಳಗೆ ಬಿದ್ದು ಮಂಡಿ ತರಚಿತು. ನನ್ನ ಹೆಂಡತಿ ಅಡ್ಡ ಬಂದಳು, ಅವಳಿಗೂ ಬಿತ್ತು. ಮತ್ತೆ ಕೈ ಎತ್ತಿದಾಗ ಬೆಲ್ಟು ಹಿಂದೆಯೇ ನಿಂತಿತು. ಭಾವ ಅದರ ತುದಿ ಹಿಡಿದಿದ್ದರು.

"ಸಾಕು. ಬಿಡು."

"ನೀವು ನನಗೆ ಬುದ್ಧಿ ಹೇಳುತ್ತೀರಾ? ನಿಮ್ಮ ಮಗ ಎಲ್ಲಿದ್ದಾನೆ, ಮೊದಲು ಅದು ಹೇಳಿ!"

ಆ ಮಾತು ಮುಗಿಯುವ ಮೊದಲೇ ಪೆಟ್ಟು ಬಿತ್ತು. ಎರಡನೆಯದಕ್ಕೆ ನಾನು ನೆಲದ ಮೇಲಿದ್ದೆ. ಭಾವ ಎದೆಯ ಮೇಲೆ ಮಂಡಿ ಊರಿ, ಗೋಣಿಗೆ ಗುದ್ದುವ ಹಾಗೆ ಗುದ್ದಿದರು. ತುಟಿ ಒಡೆಯಿತು. ಮೇಲಿನ ಹಲ್ಲೊಂದು ಬಾಯಿಯೊಳಗೇ ಕಳಚಿ ಗಂಟಲಿಗೆ ಇಳಿಯಲಿಕ್ಕೆ ನೋಡಿತು; ಉಗಿದೆ. ಸೆಕ್ಯುರಿಟಿಯವ, ಬ್ಯಾಂಕ್ ಆಫೀಸರು, ಗೇಟಿನವ, ಮೂರು ಜನ ಎಳೆದರೂ ಐವತ್ತು ದಾಟಿದ ಆ ಮನುಷ್ಯ ಅಲುಗಲಿಲ್ಲ. ಒಂದು ಕಣ್ಣು ಮುಚ್ಚಿಹೋಗಿತ್ತು. ಸಾಯುತ್ತೇನೆ ಅಂತಲೇ ಅಂದುಕೊಂಡೆ.

ಬಿಡಿಸಿದ್ದು ಮಗಳು. ತರಚಿದ ಮಂಡಿಯಲ್ಲೇ ಓಡಿಬಂದು ಭಾವನ ಕುತ್ತಿಗೆಗೆ ಜೋತುಬಿದ್ದಳು. "ಸ್ಟಾಪ್ ಇಟ್, ಮಾವಾ! ದಟ್ಸ್ ಮೈ ಡ್ಯಾಡ್!"

ಭಾವನ ಕೈ ಗಾಳಿಯಲ್ಲೇ ನಿಂತಿತು. ಅವಳನ್ನು ನೋಡಿದರು, ನನ್ನನ್ನು ನೋಡಿದರು. ಹಾಗೇ ಪಕ್ಕಕ್ಕೆ ಜಾರಿ ನೀರು ನಿಂತ ಸಿಮೆಂಟಿನ ಮೇಲೆ ಕೂತರು. ಆಮೇಲೆ ಕೈಯನ್ನು ನನ್ನ ಮುಖದ ಹತ್ತಿರ ತಂದರು. ಹೊಡೆಯುತ್ತಾರೆ ಅಂತ ನಾನು ಹಿಂದೆ ಸರಿದೆ.

"ಈ ಗೆಣ್ಣು ನೋಡು. ಯಾವ ಬೋಳನೂ ಇಲ್ಲ, ಯಾವ ಬಸ್ ಸ್ಟಾಪೂ ಇಲ್ಲ. ಇದು ಹೋದದ್ದು ನನ್ನ ಮಗನ ದವಡೆಗೆ. ಸ್ಟ್ರಾದಲ್ಲಿ ಸೂಪು ಕುಡಿದ, ಆರು ವಾರ. ಏಳನೇ ವಾರ ಹೋದ. ಬಿಡಿಸಲಿಕ್ಕೆ ಆ ದಿನ ಮನೆಯಲ್ಲಿ ಯಾರೂ ಇರಲಿಲ್ಲ." ಮಗಳ ಕಡೆ ಬೆರಳು ತೋರಿಸಿದರು. "ಇವಳು ಇನ್ನೂ 'ಮೈ ಡ್ಯಾಡ್' ಅನ್ನುತ್ತಾಳೆ, ನಾಯಿ. ಕೇಳಿಸಿತಾ ನಿನಗೆ?"

ಕೇಳಿಸಿತ್ತು.

ವಾಪಸಿನ ವಿಮಾನದಲ್ಲಿ ನನಗೂ ಅಗಿಯಲಿಕ್ಕೆ ಆಗಲಿಲ್ಲ. ಮಗಳು ಜ್ಯೂಸ್ ಪೊಟ್ಟಣಕ್ಕೆ ಸ್ಟ್ರಾ ಚುಚ್ಚಿ ನನ್ನ ಮುಂದೆ ಇಟ್ಟು, ಆ ಕಡೆ ತಿರುಗಿ ಮಲಗಿದಳು. ಮುಂದಿನ ಸೀಟಿನಲ್ಲಿ ಭಾವ ಕೈಗೆ ಬಟ್ಟೆ ಸುತ್ತಿಕೊಂಡು ಕೂತಿದ್ದರು. ನನಗೆ ಹೊಡೆದದ್ದಕ್ಕೆ ಅವರು ಯಾವ ಭಾಷೆಯಲ್ಲೂ ಏನೂ ಹೇಳಲಿಲ್ಲ. ಮರು ಸೋಮವಾರ ಶೆಡ್ಡಿನಲ್ಲಿ ನನ್ನ ಬಲೆ ಎಳೆದು ನೋಡಿ "ಸಡಿಲ" ಅಂದರು.

ಆಮೇಲೆ ನಾನು ಕೈ ಎತ್ತಲೇ ಇಲ್ಲ ಅಂದರೆ ಸುಳ್ಳಾಗುತ್ತದೆ. ಎರಡು ಸಲ ಎತ್ತಿದ್ದೆ. ಎರಡು ಸಲವೂ ನಾಲಿಗೆ ತನ್ನಷ್ಟಕ್ಕೆ ಹಲ್ಲು ಹೋದ ಸಂದಿಗೆ ಹೋಯಿತು. ಕೈ ಇಳಿಯಿತು. ಮಗಳು ಮಹಡಿಯಿಂದ ಇಳಿದು ಬಂದು ನನ್ನ ಜೊತೆ ಟಿವಿ ನೋಡಲಿಕ್ಕೆ ಮತ್ತೆ ಎರಡು ವರ್ಷ ಬೇಕಾಯಿತು.

ಭಾವನಿಗೆ ಶ್ವಾಸಕೋಶದ ಕಾಯಿಲೆ ಬಂದದ್ದು ಮಗಳು ಎ ಲೆವೆಲ್, ಅಂದರೆ ನಮ್ಮ ಪಿಯುಸಿ, ಓದುವಾಗ. ಕೊನೆಯ ವಾರ ಆಸ್ಪತ್ರೆಯಲ್ಲಿ ಅವಳೇ ಎಲ್ಲೆಲ್ಲೋ ವಿಚಾರಿಸಿ ಅವರ ಮಗನ ನಂಬರು ಹುಡುಕಿದಳು. ಮ್ಯಾಂಚೆಸ್ಟರ್ ಅಲ್ಲ, ಇಲ್ಫರ್ಡ್. ರೈಲಿನಲ್ಲಿ ನೆಲದ ಕೆಳಗೆ ನಲವತ್ತು ನಿಮಿಷ, ನೆಲದ ಮೇಲೆ ಇಪ್ಪತ್ತು ನಿಮಿಷ, ಇದೇ ಲಂಡನ್. ಅವಳು ಡಯಲ್ ಮಾಡಿ ಭಾವನ ಕಿವಿಗೆ ಹಿಡಿದಳು. ರಿಂಗಾಯಿತು, ಯಾರೂ ಎತ್ತಲಿಲ್ಲ, ಮೆಸೇಜಿನ ಬೀಪ್ ಬಂತು. ಭಾವ ಆಕ್ಸಿಜನ್ ಮಾಸ್ಕ್ ಸರಿಸಿ "ಸಾರಿ" ಅಂದರು. ಇನ್ನೇನೋ ಹೇಳಲಿಕ್ಕೆ ಬಾಯಿ ತೆರೆದರು. ಆಗಲಿಲ್ಲ.

ಭಾವನನ್ನು ಮಣ್ಣು ಮಾಡುವ ದಿನ ಇಗರ್ಜಿಯಲ್ಲಿ ಮುಂದಿನ ಬೆಂಚಿನಲ್ಲಿ ಅಕ್ಕ ತನ್ನ ಪಕ್ಕದ ಜಾಗಕ್ಕೆ ಕೈಚೀಲ ಇಟ್ಟು ಕಾದಿಟ್ಟಿದ್ದಳು. ಬಾಗಿಲು ಸದ್ದಾದಾಗೆಲ್ಲ ತಿರುಗಿ ನೋಡುತ್ತಿದ್ದಳು. ಪೂಜೆ ಮುಗಿದರೂ ಕೈಚೀಲ ಅಲ್ಲೇ ಇತ್ತು. ನಾನು ಹಿಂದಿನ ಬೆಂಚಿನಲ್ಲಿದ್ದೆ. ಪೆಟ್ಟಿಗೆ ಎತ್ತಲಿಕ್ಕೆ ಪಾದ್ರಿಗಳು ಕರೆದಾಗ ನಾನು ಆ ಕೈಚೀಲವನ್ನೇ ನೋಡುತ್ತಾ ಕೂತಿದ್ದೆ. ನನ್ನ ಪಕ್ಕದಲ್ಲಿ ಕೂತಿದ್ದ ಮಗಳು ನನ್ನ ತೋಳಿಗೆ ಕೈ ಹಾಕಿ ಎಬ್ಬಿಸಿದಳು.

"ಕಮಾನ್, ಡ್ಯಾಡ್" ಅಂದಳು.