ಕೆಂಪು ಉಲ್ಲನ್ನಿನ ಕಿವಿಪಟ್ಟಿ

ಮಂಡ್ಯದಲ್ಲಿ ಚಳಿಯೇ ಇಲ್ಲ ಎನ್ನುವವರನ್ನು ಕಂಡರೆ ನನಗೆ ಈಗಲೂ ಸಿಟ್ಟು ಬರುತ್ತದೆ. ಅವರು ಮಾರ್ಗಶಿರದ ಬೆಳಗಿನಲ್ಲಿ ನಾಲೆಯ ಏರಿಯ ಮೇಲೆ ಶಾಲೆಗೆ ನಡೆದವರಲ್ಲ. ನಾಲೆಯಿಂದ ಗದ್ದೆ ಹಸಿರಾಯಿತು ನಿಜ, ಅದರ ಬೆನ್ನಿಗೇ ಸೊಳ್ಳೆಯೂ ಚಳಿಜ್ವರವೂ ಬಂದವು. ಎರಡನೇ ಮಹಾಯುದ್ಧ ನಡೆಯುತ್ತಿದ್ದ ಕಾಲದಲ್ಲಿ, ಒಂದು ಭಾದ್ರಪದದಲ್ಲಿ, ಆ ಜ್ವರಕ್ಕೆ ನನ್ನ ಅಕ್ಕ ಹೋದಳು. ಮದುವೆಯ ವಯಸ್ಸಿಗೆ ಬಂದ ಹುಡುಗಿ. ನಾನಿನ್ನೂ ಲಂಗ ಎತ್ತಿಕಟ್ಟಿ ಕುಂಟಾಬಿಲ್ಲೆ ಆಡುತ್ತಿದ್ದೆ.

ಅವಳ ಸೀರೆಗಳನ್ನು ಅಗಸರಿಗೆ ಕೊಟ್ಟಾಯಿತು, ಚಾಪೆ ಸುಟ್ಟಾಯಿತು. ಫೋಟೋ ತೆಗೆಸಿಡುವಷ್ಟು ದೊಡ್ಡವರು ನಾವಲ್ಲ. ಅವಳದು ಅಂತ ಉಳಿದದ್ದು ಅಡುಗೆಮನೆಯ ಗೋಡೆಗೂಡಿನಲ್ಲಿದ್ದ ಒಂದು ಉಂಡೆ ಕೂದಲು ಮಾತ್ರ. ನಮ್ಮ ಕಡೆಯ ಹೆಂಗಸರು ತಲೆ ಬಾಚುವಾಗ ಉದುರಿದ್ದನ್ನು ಬಿಸಾಡುತ್ತಿರಲಿಲ್ಲ. ಸುತ್ತಿ ಗೋಡೆಯ ಸಂದಿಗೆ ಸಿಕ್ಕಿಸಿಡುವರು. ಪಿನ್ನು, ಸೂಜಿ ಮಾರುವವಳು ಬಂದಾಗ ಕೂದಲು ಕೊಟ್ಟು ಪಿನ್ನು ತೆಗೆದುಕೊಳ್ಳುವರು. ಈ ಉಂಡೆಯನ್ನೂ ಅವಳಿಗೆ ಕೊಟ್ಟುಬಿಡು ಎಂದು ಅಪ್ಪ ಅವ್ವನ ಬೆನ್ನು ಹತ್ತಿದ.

"ಸತ್ತೋರ ಕೂದ್ಲು ಮನೇಲಿ ಇರಬಾರ್ದು ಕಣಮ್ಮಿ. ಇರೋ ಮಗೀಗೆ ಏನಾರ ಆದ್ರೆ?"

ಇರೋ ಮಗು ಎಂದರೆ ನಾನು. ಒಂದು ದಿನ ನೋಡಿದರೆ ಗೂಡು ಖಾಲಿ. "ಕೊಟ್ಟೆ" ಎಂದಳು ಅವ್ವ. ಹೊಸ ಪಿನ್ನು ಮಾತ್ರ ಮನೆಯಲ್ಲಿ ಎಲ್ಲೂ ಕಾಣಲಿಲ್ಲ, ಅಪ್ಪ ಕೇಳಲೂ ಇಲ್ಲ.

ಆ ಚಳಿಗಾಲ ನನಗೆ ವಿಪರೀತ ಕಿವಿನೋವು. ಕುಲಾವಿ ಹಾಕೋಣವೆಂದರೆ ನನ್ನ ಉದ್ದ ಜಡೆ ಅದರೊಳಗೆ ಹಿಡಿಯದು. ಪಕ್ಕದ ಮನೆಯ ಬೂಬಮ್ಮ, ಲಾರಿ ಮೆಕ್ಯಾನಿಕ್ಕನ ಹೆಂಡತಿ, ಉಪಾಯ ಹೇಳಿದಳು: ಹಣೆಯಿಂದ ಕಿವಿ ಮುಚ್ಚುವಷ್ಟು ಅಗಲದ ಪಟ್ಟಿ ಹೆಣೆದು, ಜಡೆಯ ಕೆಳಗೆ ಗಂಟು ಹಾಕುವುದು. ಹೆಣಿಗೆ ಕಡ್ಡಿ ಎಲ್ಲಿ ಸಿಗಬೇಕು? ಅವಳ ಗಂಡ ಸೈಕಲ್ ಚಕ್ರದ ಕಡ್ಡಿಗಳ ಮೊನೆ ಉಜ್ಜಿ ಕೊಟ್ಟ. ಹಳೆಯ ಸ್ವೆಟರ್ ಬಿಚ್ಚಿ ಕೆಂಪು ಉಲ್ಲನ್ ಅವಳೇ ಕೊಟ್ಟಳು. ಅವ್ವ ಅವಳ ಮುಂದೆ ಕೂತು ಹೆಣಿಗೆ ಕಲಿತಳು, ಆದರೆ ಪಟ್ಟಿಯನ್ನು ನಮ್ಮ ಅಡುಗೆಮನೆಯಲ್ಲಿ ಒಬ್ಬಳೇ ಕೂತು ಹೆಣೆದಳು. ಮುಗಿದ ಮೇಲೆ ತೋರಿಸಿದಾಗ ಬೂಬಮ್ಮ ಅದರ ಮೇಲೆ ಕೈಯಾಡಿಸಿ ಗಕ್ಕನೆ ನಿಲ್ಲಿಸಿದಳು. ಅವ್ವನ ಮುಖ ನೋಡಿದಳು.

"ಬೆಚ್ಚಗಿರ್ತದೆ ಬುಡಮ್ಮ" ಎಂದಷ್ಟೇ ಹೇಳಿ ವಾಪಸು ಕೊಟ್ಟಳು.

ಬೆಚ್ಚಗೇನೋ ಇತ್ತು. ಆದರೆ ಕಟ್ಟಿಕೊಂಡಾಗಲೆಲ್ಲ ಅಕ್ಕನ ತಲೆಯ ಹರಳೆಣ್ಣೆ ವಾಸನೆ. ಕತ್ತಿನ ಹಿಂದೆ ಯಾರೋ ಉಸಿರು ಬಿಟ್ಟ ಹಾಗೆ ಕಚಗುಳಿ. ಏರಿಯ ಮೇಲೆ ಮಂಜಿನಲ್ಲಿ ತಿರುಗಿ ತಿರುಗಿ ನೋಡುತ್ತ ಓಡುತ್ತಿದ್ದೆ. ಹೇಳಿದರೆ ಶಾಲೆ ತಪ್ಪಿಸಲು ನೆಪ ಎಂದಾರು ಅಂತ ಬಾಯಿ ಮುಚ್ಚಿಕೊಂಡಿದ್ದೆ.

ಒಂದು ಬೆಳಿಗ್ಗೆ ಪಟ್ಟಿ ಬಿಚ್ಚಿದಾಗ ಅದರಿಂದ ಒಂದೆಳೆ ಕೂದಲು ಜೋತುಬಿದ್ದಿತ್ತು. ನನ್ನ ಕೂದಲು ನೆಟ್ಟಗಿನದು. ಇದು ಗುಂಗುರು, ಅಕ್ಕನದರ ಹಾಗೆ.

"ಅವ್ವಾ, ಅಕ್ಕ ಬಂದವ್ಳೆ!"

ಅಪ್ಪ ಹಿತ್ತಲಲ್ಲಿ ಮುಖ ತೊಳೆಯುತ್ತಿದ್ದ. ಅವ್ವ ಓಡಿಬಂದು ನನ್ನ ಬಾಯಿಗೆ ಕೈ ಅಡ್ಡ ಹಿಡಿದಳು. ಆಗ ಹತ್ತಿರದಿಂದ ನೋಡಿದೆ: ಒಂದೊಂದು ಸಾಲಿನಲ್ಲೂ ಕೆಂಪು ದಾರದ ಜೊತೆ ಕಪ್ಪು ಎಳೆ ಹೊಸೆದುಕೊಂಡಿತ್ತು. ಆ ಉಂಡೆ ಎಲ್ಲಿಗೂ ಹೋಗಿರಲಿಲ್ಲ. ನನಗೆ ಭಯಕ್ಕಿಂತ ಸಿಟ್ಟೇ ಹೆಚ್ಚಾಯಿತು. ಸತ್ತವಳನ್ನು ತಂದು ನನ್ನ ತಲೆಗೆ ಕಟ್ಟಿದ್ದಳಲ್ಲ! ಅವಳ ಕೈ ಕೊಡವಿ, ಆ ಎಳೆಯನ್ನು ಬೆರಳಿಗೆ ಸುತ್ತಿ ಜಗ್ಗಿದೆ.

ಅವ್ವ ನನ್ನ ಮಣಿಕಟ್ಟು ಹಿಡಿದುಕೊಂಡಳು.

"ಕೀಳ್ಬ್ಯಾಡ ಕಣವ್ವ" ಎಂದಳು. "ಅವ್ಳಿಗೆ ನೋಯ್ತದೆ."